ಹಳೆಯ ಮಸಲ್ ಕಾರು ಕೊಳ್ಳುವುದಾದರೆ ಯಾವುದು? ಹರಾಜಿನ ಬೆಲೆ ನೋಡಿ ಗಾಬರಿಯಾದವರಿಗೆ

ಜನವರಿ ಬಂತೆಂದರೆ ಅಮೆರಿಕದಲ್ಲಿ ಹಳೆ ಕಾರುಗಳ ಹರಾಜಿನ ಸುಗ್ಗಿ. ಅದರಲ್ಲೂ ಮಸಲ್ ಕಾರುಗಳದು, ಅಂದರೆ ಅರವತ್ತು-ಎಪ್ಪತ್ತರ ದಶಕದ, ದೊಡ್ಡ ಎಂಜಿನ್ ಹೊತ್ತ ಅಮೆರಿಕದ ಕಾರುಗಳದು. ಅರಿಜೋನಾದ ಸ್ಕಾಟ್ಸ್‌ಡೇಲ್‌ನಲ್ಲಿ ಬ್ಯಾರೆಟ್-ಜಾಕ್ಸನ್, ಫ್ಲಾರಿಡಾದ ಕಿಸಿಮ್ಮಿಯಲ್ಲಿ ಮೀಕಮ್. ಅವು ಮುಗಿಯುವಷ್ಟರಲ್ಲಿ ಇಲ್ಲಿ ಮಿಷಿಗನ್‌ನ ಕನ್ನಡದ ಗೆಳೆಯರ ಪ್ರಶ್ನೆಗಳು ಶುರುವಾಗುತ್ತವೆ. "ಮಕ್ಕಳು ಕಾಲೇಜಿಗೆ ಹೋದರು, ಗ್ಯಾರೇಜು ಖಾಲಿ ಇದೆ. ಮಸ್ಟಾಂಗ್ ತಗೊಳ್ಳಲಾ, ಚಾರ್ಜರ್ ತಗೊಳ್ಳಲಾ? ಈ ರೇಟು ನೋಡಿದ್ರೆ ಈಗ ಬಿಟ್ಟರೆ ಮುಂದೆ ಸಿಗೋದೇ ಇಲ್ಲ ಅನ್ಸತ್ತೆ, ಅಲ್ವಾ?" ಡೆಟ್ರಾಯಿಟ್ ಸುತ್ತಮುತ್ತಲ ಕಾರು ಕಂಪನಿಗಳಲ್ಲಿ ದುಡಿಯುವ ಕನ್ನಡಿಗರು ಬಹಳ ಜನ. ಆಗಸ್ಟ್‌ನ ಮೂರನೇ ಶನಿವಾರ ವುಡ್‌ವರ್ಡ್ ಅವೆನ್ಯೂ ಮೇಲೆ ಸಾವಿರಾರು ಹಳೆ ಕಾರುಗಳು ಸಾಲುಗಟ್ಟಿ ಹೋಗುವುದನ್ನು ಒಮ್ಮೆ ನೋಡಿದವರಿಗೆ ಈ ಆಸೆ ಹುಟ್ಟದೆ ಇರುವುದು ಕಷ್ಟ.

ಸುದ್ದಿಯಾಗುವ ಬೆಲೆಗಳು ಯಾವುದಕ್ಕೆ ಬರುತ್ತವೆ ಅನ್ನೋದನ್ನ ಮೊದಲು ನೋಡಬೇಕು. ಹೆಮಿ ಅನ್ನುವ ದೊಡ್ಡ ಎಂಜಿನ್ನಿನ, ಛಾವಣಿ ಮಡಚುವ 1971ರ ಪ್ಲಿಮತ್ 'ಕೂಡಾ (ಬರಾಕೂಡಾ ಅನ್ನುವ ಕಾರಿನ ಮೊಟಕು ಹೆಸರು) ಒಂದಕ್ಕೆ 2014ರಲ್ಲಿ ಸಿಯಾಟಲ್‌ನ ಮೀಕಮ್ ಹರಾಜಿನಲ್ಲಿ 35 ಲಕ್ಷ ಡಾಲರ್‌ಗೆ ಸುತ್ತಿಗೆ ಬಿತ್ತು, ಅಂದರೆ ಹರಾಜಿನ ಕೂಗು ಅಲ್ಲಿಗೆ ನಿಂತಿತು. 2021ರಲ್ಲಿ ಅಂಥದೇ ಒಂದು ಕಾರಿಗೆ 48 ಲಕ್ಷದವರೆಗೆ ಕೂಗು ಹೋಯಿತು. ಆದರೂ ಮಾಲೀಕರು ಕೊಡಲಿಲ್ಲ. ಹಾಲಿವುಡ್ ನಟ ಸ್ಟೀವ್ ಮೆಕ್ವೀನ್ ಸಿನಿಮಾದಲ್ಲಿ ಓಡಿಸಿದ 1968ರ ಹಸಿರು ಫೋರ್ಡ್ ಮಸ್ಟಾಂಗ್ 2020ರಲ್ಲಿ ಕಿಸಿಮ್ಮಿಯಲ್ಲಿ ಕಮಿಷನ್ ಸೇರಿ 37.4 ಲಕ್ಷ ಡಾಲರ್‌ಗೆ ಹೋಯಿತು. ಅದಕ್ಕೆ ಹೊಸ ಪೇಂಟು ಹೊಡೆದಿರಲಿಲ್ಲ. ಬಣ್ಣ ಮಾಸಿತ್ತು, ತುಕ್ಕು ಹಿಡಿದಿತ್ತು. ಆದರೆ ಇದು ಅದೇ ಕಾರು ಅನ್ನೋದಕ್ಕೆ ಪುರಾವೆ ಪಕ್ಕಾ ಇತ್ತು, ಮೆಕ್ವೀನ್ ತಾನೇ ಅದನ್ನು ವಾಪಸ್ ಕೇಳಿ ಬರೆದ ಪತ್ರ ಸಮೇತ. ಅದೇ ವರ್ಷದ, ಅದೇ ಬಣ್ಣದ, ನೋಡಲು ಅದಕ್ಕಿಂತ ಚೆನ್ನಾಗಿರುವ ಮಸ್ಟಾಂಗ್ ಅದರ ಸಣ್ಣ ಪಾಲಿಗೆ ಸಿಗುತ್ತದೆ. ಹರಾಜಿನಲ್ಲಿ ಏರುತ್ತಿರುವ ಬೆಲೆಯಲ್ಲಿ ದೊಡ್ಡ ಪಾಲು ಪುರಾವೆಗೆ, ಕಾಗದಕ್ಕೆ. ಹಾಗಾಗಿ ಯಾವ ಕಾರು ಅಂತ ಕೇಳುವ ಮೊದಲು, ಕಾಗದಕ್ಕೆ ದುಡ್ಡು ಕೊಡಬೇಕಾ, ಓಡುವ ಕಾರಿಗೆ ಕೊಡಬೇಕಾ ಅನ್ನೋದು ತೀರ್ಮಾನ ಆಗಬೇಕು.

ಬೆಲೆ ಒಂದೇ ಸಮ ಏರಿದ್ದೂ ಅಲ್ಲ. ಈ ಕಾರುಗಳ ಕಾಲ ಚಿಕ್ಕದು, ಹೆಚ್ಚುಕಡಿಮೆ 1964ರಿಂದ 1972. ಹುಡುಗರು ಓಡಿಸುವ ದೊಡ್ಡ ಎಂಜಿನ್ನಿನ ಕಾರಿಗೆ ಇನ್ಶೂರೆನ್ಸ್ ಕಂಪನಿಗಳು ದುಬಾರಿ ಕಂತು ಹಾಕಿದವು. 1970ರ ಹೊಗೆ ನಿಯಂತ್ರಣ ಕಾಯ್ದೆ ಬಂತು. 1971ರಲ್ಲಿ ಜನರಲ್ ಮೋಟಾರ್ಸ್ ಸೀಸ ಇಲ್ಲದ ಪೆಟ್ರೋಲಿಗಾಗಿ ಎಂಜಿನ್ನುಗಳ ಕಂಪ್ರೆಶನ್ (ಸಿಲಿಂಡರಿನೊಳಗೆ ಗಾಳಿ-ಪೆಟ್ರೋಲನ್ನು ಒತ್ತುವ ಪ್ರಮಾಣ) ಇಳಿಸಿತು, ತಾಕತ್ತು ತಗ್ಗಿತು. 1973ರ ತೈಲ ಬಿಕ್ಕಟ್ಟು ಉಳಿದದ್ದನ್ನು ಮುಗಿಸಿತು. ಆಗ ಹದಿಹರೆಯದಲ್ಲಿದ್ದವರು ಐವತ್ತು ದಾಟಿ ಕೈಯಲ್ಲಿ ಕಾಸು ಬಂದಾಗ, 2005-07ರ ಹೊತ್ತಿಗೆ, ಬೆಲೆ ಆಕಾಶಕ್ಕೇರಿತು. 2008ರ ಆರ್ಥಿಕ ಕುಸಿತದಲ್ಲಿ ಹೆಮಿ ಕಾರುಗಳೇ ಎಲ್ಲಕ್ಕಿಂತ ಜೋರಾಗಿ ಬಿದ್ದವು. ಕೋವಿಡ್ ಕಾಲದಲ್ಲಿ ಮತ್ತೆ ಎಲ್ಲವೂ ಏರಿ, 2022ರ ನಂತರ ಸಾಧಾರಣ ಕಾರುಗಳ ಬೆಲೆ ತಣ್ಣಗಾಯಿತು. ಈಗ ಬಿಟ್ಟರೆ ಸಿಗಲ್ಲ ಅನ್ನುವ ಅವಸರಕ್ಕೆ ಕಾರಣವೇ ಇಲ್ಲ.

ಅಳೆಯಬೇಕಾದದ್ದು ಏನೇನು

ಮೊದಲನೆಯದು ಬಳಕೆ. ಭಾನುವಾರ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಐಸ್‌ಕ್ರೀಮ್ ತಿನ್ನಲು ಹೋಗುವ ಕಾರು ಬೇಕಾ, ಶೋಗಳಲ್ಲಿ ನಿಲ್ಲಿಸಿ ಬಹುಮಾನ ಗೆಲ್ಲುವ ಕಾರು ಬೇಕಾ, ಹತ್ತು ವರ್ಷ ಇಟ್ಟು ಮಾರುವುದಕ್ಕಾ? ಈ ಮೂರೂ ಒಂದೇ ಕಾರಿನಲ್ಲಿ ಸಿಗುವುದು ಅಪರೂಪ. ಷೆವ್ರೊಲೆ ಕಂಪನಿಯ 1970ರ ಶೆವೆಲ್ ಕಾರಿಗೆ ಬರುತ್ತಿದ್ದ ಎಲ್‌ಎಸ್6 ಅನ್ನುವ ಎಂಜಿನ್ನಿನ ಕಂಪ್ರೆಶನ್ 11.25:1. ಇವತ್ತಿನ ಬಂಕಿನ ಪ್ರೀಮಿಯಂ ಪೆಟ್ರೋಲು ಅದಕ್ಕೆ ಸಾಲುವುದಿಲ್ಲ. ರೇಸ್ ಪೆಟ್ರೋಲು ಬೆರೆಸಬೇಕು, ಇಲ್ಲಾ ಎಂಜಿನ್ ಬಿಚ್ಚಿ ಬದಲಾಯಿಸಬೇಕು. ಅತ್ಯಂತ ದುಬಾರಿ ಕಾರು ಓಡಿಸಲು ಅತ್ಯಂತ ತೊಡಕಿನದಾಗಿರುವುದು ಇಲ್ಲಿ ಮಾಮೂಲು.

ಎರಡನೆಯದು ಪೂರ್ತಿ ಖರ್ಚು. ಸುತ್ತಿಗೆ 50,000 ಡಾಲರ್‌ಗೆ ಬಿತ್ತು ಅಂದುಕೊಳ್ಳಿ. ದೊಡ್ಡ ಹರಾಜು ಮನೆಗಳು ಕೊಳ್ಳುವವರಿಂದ ಸುಮಾರು 10% ಕಮಿಷನ್ ತಗೊಳ್ಳುತ್ತವೆ. ಮಿಷಿಗನ್‌ನಲ್ಲಿ ನೋಂದಾಯಿಸುವಾಗ 6% ತೆರಿಗೆ. ಅರಿಜೋನಾದಿಂದ ಇಲ್ಲಿಗೆ ಟ್ರಕ್ಕಿನ ಬಾಡಿಗೆ ಸಾವಿರ ಡಾಲರ್‌ಗಿಂತ ಮೇಲೆ, ಮುಚ್ಚಿದ ಟ್ರಕ್ಕಾದರೆ ಇನ್ನೂ ಜಾಸ್ತಿ. ಕಾರು ಮನೆಗೆ ಬರುವಷ್ಟರಲ್ಲಿ 60,000 ಮುಟ್ಟಿರುತ್ತದೆ. ಆಮೇಲೆ ಟೈರು, ಬ್ರೇಕು, ಹೋಸು ಅಂತ ಮೊದಲ ವರ್ಷವೇ ಒಂದಿಷ್ಟು ಹೋಗುತ್ತದೆ. ನಿಮ್ಮ ಕೈಯಲ್ಲಿ 50,000 ಇದ್ದರೆ ಕೂಗು ನಿಲ್ಲಬೇಕಾದದ್ದು 40,000ದ ಆಸುಪಾಸಿನಲ್ಲಿ. ಲಾಭಕ್ಕೆ ಅಂತ ಕೊಳ್ಳುವವರು ಇನ್ನೊಂದು ತಿಳಿದಿರಲಿ. ಇದನ್ನು ಸರ್ಕಾರ ಸಂಗ್ರಹದ ವಸ್ತು ಎಂದು ಎಣಿಸುವುದರಿಂದ, ಮಾರಿದಾಗ ಬಂದ ಲಾಭದ ಮೇಲೆ ಶೇರಿಗಿಂತ ಹೆಚ್ಚಿನ ತೆರಿಗೆ ಬೀಳಬಹುದು, 28%ವರೆಗೆ.

ಮೂರನೆಯದು ತುಕ್ಕು. ಎಂಜಿನ್ ಕೆಟ್ಟರೆ ಸರಿಮಾಡಬಹುದು, ಅದಕ್ಕೆ ಒಂದು ಲೆಕ್ಕ ಇದೆ. ತಗಡು ತಿಂದುಹೋಗಿದ್ದರೆ ಲೆಕ್ಕವೇ ಸಿಗುವುದಿಲ್ಲ. ಬಾಡಿ ಕೆಲಸ, ಪೇಂಟು ಸೇರಿ ಹತ್ತಾರು ಸಾವಿರ ಡಾಲರ್ ಸುಲಭವಾಗಿ ಹೋಗುತ್ತದೆ. ಮಿಷಿಗನ್, ಒಹಾಯೊ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವುದರಿಂದ ಇಲ್ಲಿಯೇ ಬಾಳಿದ ಕಾರಿಗಿಂತ ಅರಿಜೋನಾ, ಕ್ಯಾಲಿಫೋರ್ನಿಯಾದ ಕಾರು ಮೇಲು. ನೋಡಲು ಹೋಗುವಾಗ ಒಂದು ಚಿಕ್ಕ ತೆಳು ಆಯಸ್ಕಾಂತ ಜೇಬಿನಲ್ಲಿರಲಿ. ಹಿಂದಿನ ಚಕ್ರದ ಸುತ್ತ, ಬಾಗಿಲ ಕೆಳಗೆ, ಹಿಂದಿನ ಗಾಜಿನ ಕೆಳಗಂಚಿಗೆ ಬಟ್ಟೆ ಸುತ್ತಿ ಮುಟ್ಟಿಸುತ್ತಾ ಹೋಗಿ. ಒಂದು ಕಡೆ ಗಟ್ಟಿಯಾಗಿ ಅಂಟಿ ಪಕ್ಕದಲ್ಲೇ ಜಾರಿದರೆ ಪೇಂಟಿನ ಅಡಿಯಲ್ಲಿ ತಗಡಿನ ಬದಲು ಮೆತ್ತಿದ ಪುಟ್ಟಿ ಇದೆ ಅಂತ ಅರ್ಥ. ಮಸ್ಟಾಂಗ್ ಆದರೆ ಮುಂದಿನ ಗಾಜಿನ ಬುಡದಲ್ಲಿರುವ ಗಾಳಿ ಬರುವ ಜಾಲರಿಗೆ ಒಂದು ಲೋಟ ನೀರು ಸುರಿಯಿರಿ. ಒಳಗೆ ಕಾಲಿಡುವ ಜಾಗದ ಕಾರ್ಪೆಟ್ಟು ಒದ್ದೆಯಾದರೆ ಆ ಕಾರಿನ ಬೆಲೆಯನ್ನು ಮತ್ತೆ ಮಾತಾಡಬೇಕು.

ನಾಲ್ಕನೆಯದು ಬಿಡಿಭಾಗ, ಐದನೆಯದು ಕಾಗದ. ಬಿಡಿಭಾಗದ ವಿಷಯ ಆಯಾ ಕಾರಿನ ಜೊತೆಗೇ ಹೇಳುತ್ತೇನೆ. ಕಾಗದವೇ ನಿಜವಾದ ಕಗ್ಗಂಟು.

ಅಸಲಿ ಅಂತ ತಿಳಿಯುವುದು ಹೇಗೆ

ಬೆಂಗಳೂರಲ್ಲಿ ಸೈಟು ಕೊಳ್ಳುವಾಗ ಮೂಲಪತ್ರ, ಖಾತಾ, ಇಸಿ ನೋಡದೆ ಅಡ್ವಾನ್ಸ್ ಕೊಡುತ್ತೀರಾ? ಇಲ್ಲೂ ಹಾಗೇ. ಸಾಧಾರಣ ಕಾರಿಗೆ ದೊಡ್ಡ ಎಂಜಿನ್ ಕೂರಿಸಿ, ಬ್ಯಾಡ್ಜು ಅಂಟಿಸಿ, ಪಟ್ಟೆ ಬಳಿದು ಮಾರುವುದು ಹಳೆಯ ದಂಧೆ. ಕ್ಲೋನ್, ಅಂದರೆ ನಕಲು ಅಂತ ಹೇಳಿ ಮಾರಿದರೆ ತಪ್ಪೇನಿಲ್ಲ. ಅಸಲಿ ಅಂತ ಮಾರಿದರೆ ಮೋಸ. ಇದನ್ನು ಹಿಡಿಯುವುದು ಕೆಲವು ಕಂಪನಿಗಳ ಕಾರಿನಲ್ಲಿ ಸುಲಭ, ಕೆಲವರದ್ದರಲ್ಲಿ ಕಷ್ಟ. ನನ್ನ ಪ್ರಕಾರ ಮಾಡೆಲ್ ಆರಿಸುವಾಗ ಇದಕ್ಕೆ ಎಲ್ಲಕ್ಕಿಂತ ಹೆಚ್ಚು ತೂಕ ಕೊಡಬೇಕು.

ಕ್ರೈಸ್ಲರ್ ಗುಂಪಿನ ಕಾರುಗಳಲ್ಲಿ, ಅಂದರೆ ಡಾಜ್, ಪ್ಲಿಮತ್‌ಗಳಲ್ಲಿ, ವಿನ್ ನಂಬರಿನ (ಕಾರ್ಖಾನೆ ಪ್ರತಿ ಕಾರಿಗೂ ಕೊಡುವ ಗುರುತಿನ ಸಂಖ್ಯೆ) ಐದನೇ ಅಕ್ಷರವೇ ಎಂಜಿನ್ ಹೇಳುತ್ತದೆ. ಬಿಎಸ್23ಆರ್ ಅಂತ ಶುರುವಾದರೆ ಅದು ಬರಾಕೂಡಾ, ಹಾರ್ಡ್‌ಟಾಪ್ (ಗಟ್ಟಿ ಛಾವಣಿಯದು), 426 ಘನ ಇಂಚಿನ ಹೆಮಿ. ಅಲ್ಲಿ ಆರ್ ಇಲ್ಲದಿದ್ದರೆ ಬಾನೆಟ್ ಅಡಿ ಹೆಮಿ ಕೂತಿದ್ದರೂ ಅದು ಆಮೇಲೆ ಕೂರಿಸಿದ್ದು. ಫೋರ್ಡ್‌ನಲ್ಲೂ ಐದನೇ ಅಕ್ಷರವೇ. 1965-66ರ ಮಸ್ಟಾಂಗ್‌ನಲ್ಲಿ ಟಿ ಅಂದರೆ ಆರು ಸಿಲಿಂಡರ್, ಸಿ ಮತ್ತು ಎ ಅಂದರೆ 289 ಘನ ಇಂಚಿನ ವಿ8 (ಎಂಟು ಸಿಲಿಂಡರ್), ಕೆ ಅಂದರೆ ಅದೇ 289ರ ಹೆಚ್ಚು ತಾಕತ್ತಿನದು. 1967ರಿಂದ ಈಚಿನ ಫೋರ್ಡ್‌ಗಳಿಗೆ ಮಾರ್ಟಿ ರಿಪೋರ್ಟ್ ಸಿಗುತ್ತದೆ. ಫೋರ್ಡ್‌ನ ಹಳೆ ದಾಖಲೆಗಳಿಂದಲೇ ತೆಗೆದದ್ದು, ಕಾರು ಯಾವ ಬಣ್ಣ, ಯಾವ ಗೇರ್‌ಬಾಕ್ಸಿನ ಜೊತೆ ಹೊರಬಂತು ಅಂತ ಅದರಲ್ಲಿ ಇರುತ್ತದೆ.

ಕಷ್ಟ ಇರುವುದು ಷೆವ್ರೊಲೆಯಲ್ಲಿ. 1972ಕ್ಕಿಂತ ಮುಂಚೆ ವಿನ್‌ನಲ್ಲಿ ಎಂಜಿನ್ ಯಾವುದು ಅಂತ ಇಲ್ಲ, ಆರು ಸಿಲಿಂಡರಾ ವಿ8ಆ ಅನ್ನುವಷ್ಟು ಮಾತ್ರ. ಶೆವೆಲ್‌ನಲ್ಲಿ 1966ರಿಂದ 68ರವರೆಗೆ ಎಸ್‌ಎಸ್ ಅನ್ನುವ ಹೆಚ್ಚು ತಾಕತ್ತಿನ ರೂಪಕ್ಕೆ ಬೇರೆ ಸರಣಿ ಇತ್ತು, ವಿನ್ 138 ಅಂತ ಶುರುವಾಗುತ್ತಿತ್ತು. 1969ರಿಂದ ಎಸ್‌ಎಸ್ ಬರೀ ಆಪ್ಷನ್ ಆಯಿತು. ಸಾಧಾರಣ ಶೆವೆಲ್ ಆದ ಮಾಲಿಬು, ಎಸ್‌ಎಸ್ ಎರಡಕ್ಕೂ ಹೆಚ್ಚಾಗಿ 136. ಆಗ ಉಳಿಯುವುದು ಪೆಟ್ರೋಲ್ ಟ್ಯಾಂಕಿನ ಮೇಲೋ ಸೀಟಿನ ಸ್ಪ್ರಿಂಗಿನೊಳಗೋ ಸಿಕ್ಕಿಕೊಂಡಿರುವ ಕಾರ್ಖಾನೆಯ ಬಿಲ್ಡ್ ಶೀಟು (ಆ ಕಾರಿಗೆ ಏನೇನು ಹಾಕಬೇಕೆಂಬ ಪಟ್ಟಿ), ಮತ್ತು ಎಂಜಿನ್ ಬ್ಲಾಕಿನ ಮೇಲಿನ ಅಂಕಿಗಳ ಅಚ್ಚು. ಆ ಅಚ್ಚು ಇರುವ ಜಾಗವನ್ನು ಟಾರ್ಚ್ ಹಿಡಿದು ಓರೆಯಾಗಿ ನೋಡಬೇಕು. ಕಾರ್ಖಾನೆಯಲ್ಲಿ ಮೆಷಿನ್ ಬಿಟ್ಟ ಸಣ್ಣ ಸಮಾನಾಂತರ ಗೆರೆಗಳು ಅಂಕಿಗಳ ಕೆಳಗೆ ಓಡುತ್ತಿರುತ್ತವೆ. ಗೆರೆಯೇ ಇಲ್ಲದೆ ನುಣ್ಣಗಿದ್ದರೆ, ಅಂಕಿಗಳು ಹೊಸದಾಗಿ ಚೂಪಾಗಿದ್ದರೆ, ಯಾರೋ ಉಜ್ಜಿ ಮತ್ತೆ ಅಚ್ಚು ಹೊಡೆದಿರಬಹುದು. ಇದನ್ನು ನೋಡಿ ಪಳಗಿದ ಕಣ್ಣಿನವರನ್ನು ಕೆಲವು ನೂರು ಡಾಲರ್ ಕೊಟ್ಟು ಕರೆದುಕೊಂಡು ಹೋಗಿ. ಆ ದುಡ್ಡು ದಂಡವಲ್ಲ.

ಪಾಂಟಿಯಾಕ್ ಕೂಡ ಜನರಲ್ ಮೋಟಾರ್ಸ್‌ನದೇ, ಆದರೆ ಅದರ ದಾಖಲೆ ಉಳಿದಿದೆ. ಪಿಎಚ್‌ಎಸ್ ಅನ್ನುವ ಸಂಸ್ಥೆಗೆ ವಿನ್ ಕಳಿಸಿ ಫೀಸು ಕಟ್ಟಿದರೆ ಆ ಕಾರಿನ ಮೂಲ ಬಿಲ್ಲಿನ ಪ್ರತಿ ಬರುತ್ತದೆ.

ಈಗ ಕಾರುಗಳು

ಮಸ್ಟಾಂಗ್. ಮೊದಲ ಸಲ ಕೊಳ್ಳುವವರಿಗೆ, ಓಡಿಸಲೆಂದೇ ಕೊಳ್ಳುವವರಿಗೆ ನಾನು ಹೇಳುವುದು ಇದನ್ನೇ. 1964ರ ಏಪ್ರಿಲ್‌ನಲ್ಲಿ 2,368 ಡಾಲರ್‌ಗೆ ಬಂದ ಕಾರು ಮೊದಲ ವರ್ಷವೇ 4 ಲಕ್ಷ ದಾಟಿ ಮಾರಿತು. ಅಷ್ಟು ಇರುವುದರಿಂದಲೇ ಇವತ್ತಿಗೂ ಕೈಗೆಟುಕುತ್ತದೆ, ಇಡೀ ಬಾಡಿ ಶೆಲ್ಲಿನಿಂದ ಹಿಡಿದು ಒಂದು ಸ್ಕ್ರೂವರೆಗೂ ಹೊಸದಾಗಿ ಸಿಗುತ್ತದೆ. ಆರು ಸಿಲಿಂಡರಿನ, ಎರಡು ಬಾಗಿಲಿನ ಕೂಪೆ ಓಡುವ ಸ್ಥಿತಿಯಲ್ಲಿ ಸುಮಾರು 20,000 ಡಾಲರ್‌ಗೂ ಸಿಗಬಹುದು. ವಿ8 ಕೂಪೆಗೆ ಇನ್ನೊಂದಿಷ್ಟು ಸೇರಿಸಿ. ಫಾಸ್ಟ್‌ಬ್ಯಾಕ್ ಬೇಕೆಂದರೆ ಹೆಚ್ಚುಕಡಿಮೆ ಎರಡರಷ್ಟು. ಹಿಂದಿನ ಛಾವಣಿಯ ಆ ಇಳಿಜಾರಿಗೆ ಅಷ್ಟು ದುಡ್ಡು ಕೊಡಬೇಕಾ ಅನ್ನೋದು ನಿಮಗೆ ಬಿಟ್ಟದ್ದು. ಓಡಿಸುವಾಗ ವ್ಯತ್ಯಾಸ ಏನೂ ಇಲ್ಲ, ಮಾರುವಾಗ ಬಹಳ ಇದೆ. ಮಸ್ಟಾಂಗ್‌ನಲ್ಲೇ ದೈತ್ಯ ಎಂಜಿನ್ನಿನ ರೂಪವಾದ ಬಾಸ್ 429 ಬೇರೆಯೇ ಲೋಕ. ಎರಡು ವರ್ಷ ಸೇರಿ 1,358 ಮಾತ್ರ ತಯಾರಾದವು, ಬೆಲೆ ಲಕ್ಷಗಳಲ್ಲಿ. ಕಟ್ಟುನಿಟ್ಟಿನವರು ಮಸ್ಟಾಂಗನ್ನು ಪೋನಿ ಕಾರು (ಚಿಕ್ಕ ಗಾತ್ರದ ಸ್ಪೋರ್ಟಿ ಕಾರು) ಅನ್ನುತ್ತಾರೆ, ಮಸಲ್ ಕಾರು ಅಂತ ಒಪ್ಪುವುದಿಲ್ಲ. ಆ ವಾದ ಕೇಳಿ ಸುಮ್ನೆ ಬೇರೆ ಕಾರಿಗೆ ಹೋಗಬೇಡಿ.

ಪಾಂಟಿಯಾಕ್ ಜಿಟಿಓ. ನನ್ನ ಮನಸ್ಸಿಗೆ ತುಂಬಾ ಹತ್ತಿರವಾದ ಕಾರು. ಮಧ್ಯಮ ಗಾತ್ರದ ಕಾರಿಗೆ 330 ಘನ ಇಂಚಿಗಿಂತ ದೊಡ್ಡ ಎಂಜಿನ್ ಹಾಕಬಾರದು ಅಂತ ಜನರಲ್ ಮೋಟಾರ್ಸ್‌ನದೇ ನಿಯಮವಿತ್ತು. 1964ರಲ್ಲಿ ಪಾಂಟಿಯಾಕ್‌ನ ಎಂಜಿನಿಯರ್ ಜಾನ್ ಡಿಲೋರಿಯನ್ ತಂಡ 389 ಎಂಜಿನ್ನನ್ನು ಟೆಂಪೆಸ್ಟ್ ಲೆಮಾನ್ ಕಾರಿಗೆ ಆಪ್ಷನ್ ಅಂತ ಕೊಟ್ಟು ಆ ನಿಯಮವನ್ನು ಪಕ್ಕಕ್ಕೆ ಸರಿಸಿತು. ಮೊದಲ ವರ್ಷವೇ 32,450 ಮಾರಿದವು. ಮಸಲ್ ಕಾರಿನ ಕತೆ ಇಲ್ಲಿಂದ ಶುರು ಅಂತ ಬಹುಪಾಲು ಜನ ಒಪ್ಪುತ್ತಾರೆ. 1966ರಿಂದ 71ರವರೆಗೆ ವಿನ್ 242 ಅಂತ ಶುರುವಾದರೆ ಅದು ಅಸಲಿ ಜಿಟಿಓ. 1964-65ರದ್ದಕ್ಕೆ ಮತ್ತು ಜಿಟಿಓದ ದುಬಾರಿ ರೂಪವಾದ 'ಜಡ್ಜ್'ಗೆ ಪಿಎಚ್‌ಎಸ್ ಕಾಗದ ಬೇಕೇ ಬೇಕು. ಇತಿಹಾಸ ಇದೆ, ತಾಕತ್ತಿದೆ, ನಾಲ್ಕು ಜನ ಆರಾಮಾಗಿ ಕೂರಬಹುದು, ಕಾಗದ ಪರೀಕ್ಷೆ ಸುಲಭ. ಆದರೂ ಬೆಲೆ ಶೆವೆಲ್, 'ಕೂಡಾಗಳಷ್ಟು ಹಾರಿಲ್ಲ. ಮಧ್ಯಮ ಬಜೆಟ್ಟಿನವರು, ಅಂದರೆ 50-60 ಸಾವಿರ ಇಟ್ಟುಕೊಂಡವರು, 1966-67ರ ಜಿಟಿಓ ನೋಡದೆ ಬೇರೆಯದಕ್ಕೆ ಮುಂಗಡ ಕೊಡಬಾರದು.

ಷೆವ್ರೊಲೆ ಶೆವೆಲ್, ಕಮಾರೊ. ಕೈತೋಟದಷ್ಟು ಚಿಕ್ಕ ಪಟ್ಟಣದಲ್ಲೂ ಇವುಗಳ ಮೆಕ್ಯಾನಿಕ್ ಸಿಗುತ್ತಾನೆ, ಬಿಡಿಭಾಗಕ್ಕೆ ಬರವಿಲ್ಲ. 1970ರ ಶೆವೆಲ್ ಎಸ್‌ಎಸ್ 454 ಎಲ್‌ಎಸ್6ನ 450 ಅಶ್ವಶಕ್ತಿ ಆ ಕಾಲದ ದೊಡ್ಡ ಅಂಕಿ. ತಯಾರಾದದ್ದು 4,475. ಕಾಗದ ಸರಿಯಾಗಿದ್ದರೆ ಬೆಲೆ ಲಕ್ಷ ಡಾಲರ್ ದಾಟುತ್ತದೆ, ಕಾಗದ ಇಲ್ಲದ ಅದೇ ಥರದ ಕಾರು ಅದರ ಅರ್ಧಕ್ಕೇ ಹೋಗುತ್ತದೆ. ಇಲ್ಲಿ ಎರಡೇ ದಾರಿ. ಒಂದು, ಗಟ್ಟಿ ಕಾಗದ ಇರುವ ಕಾರಿಗೆ ಪೂರ್ತಿ ಬೆಲೆ ಕೊಡುವುದು. ಎರಡು, ಕ್ಲೋನ್ ಅಂತ ಗೊತ್ತಿದ್ದೇ, ಕ್ಲೋನಿನ ಬೆಲೆ ಕೊಟ್ಟು ಖುಷಿಯಾಗಿ ಓಡಿಸುವುದು. "ಕಾಗದ ಕಳೆದುಹೋಗಿದೆ, ಆದರೆ ಅಸಲಿ" ಅಂತ ನಡುವಿನ ಬೆಲೆ ಹೇಳುವವರಿಂದ ದೂರ ಇರಿ. 1969ರ ಕಮಾರೊಗೂ ಇದೇ ಮಾತು. ವಿನ್ 123 ಅಂತ ಶುರುವಾದರೆ ಅದು ಆರು ಸಿಲಿಂಡರಿನದು, ಮೇಲೆ ಝಡ್/28 ಅನ್ನುವ ವಿ8 ರೂಪದ ಬ್ಯಾಡ್ಜು ಎಷ್ಟು ಹೊಳೆದರೂ ಅಷ್ಟೇ. ಅಲ್ಯುಮಿನಿಯಂ ಎಂಜಿನ್ನಿನ ಝಡ್‌ಎಲ್1 ಕಮಾರೊ ತಯಾರಾದದ್ದೇ 69.

ಡಾಜ್ ಚಾರ್ಜರ್, ಚಾಲೆಂಜರ್, ಪ್ಲಿಮತ್ 'ಕೂಡಾ. ಹರಾಜಿನ ತಾರೆಗಳು ಇವೇ. ಹೆಮಿ ಎಂಜಿನ್ ಆಗ ಕಾರಿನ ಬೆಲೆಯ ಮೇಲೆ ಬಹಳ ದುಬಾರಿ ಆಪ್ಷನ್ ಆಗಿತ್ತು, ಜೊತೆಗೆ ಇನ್ಶೂರೆನ್ಸಿನ ಹೊರೆ. ಹಾಗಾಗಿ ಕೊಂಡವರು ಕಡಿಮೆ, ಕಡಿಮೆ ಇರುವುದರಿಂದಲೇ ಇಂದಿನ ಬೆಲೆ. ಉದ್ದ ಮೂಗಿನ, ಹಿಂದೆ ಎತ್ತರದ ರೆಕ್ಕೆಯ 1969ರ ಚಾರ್ಜರ್ ಡೇಟೋನಾ 503 ಮಾತ್ರ ತಯಾರಾದವು. 2022ರಲ್ಲಿ ಒಂದು 13 ಲಕ್ಷ ಡಾಲರ್ ದಾಟಿತು. ಹೆಮಿ ಇಲ್ಲದ ಒಳ್ಳೆಯ 1969ರ ಚಾರ್ಜರ್ ಆರ್/ಟಿ ಕೂಡ ಈಗ ಲಕ್ಷದ ಹತ್ತಿರ ಹತ್ತಿರ. ವಿನ್‌ನಲ್ಲಿ ಎಂಜಿನ್ ಗೊತ್ತಾಗುವುದು ಇವುಗಳ ದೊಡ್ಡ ಅನುಕೂಲ. ಆದರೆ ಈ ಬಾಡಿಗಳಿಗೆ ತುಕ್ಕು ಬೇಗ, ಬಿಡಿಭಾಗ ಮಸ್ಟಾಂಗ್‌ಗಿಂತ ದುಬಾರಿ. ಬೆಲೆ ಏರುವಾಗ ಎಲ್ಲರಿಗಿಂತ ಮೊದಲು ಏರುತ್ತದೆ, ಇಳಿಯುವಾಗಲೂ ಹಾಗೇ. ದುಡ್ಡು ಹತ್ತು ವರ್ಷ ಅಲ್ಲೇ ಇದ್ದರೂ ತೊಂದರೆಯಿಲ್ಲ ಅನ್ನುವವರಿಗೆ ಮಾತ್ರ ಇದು. ಈ ಮನೆತನದ ಕಾರೇ ಬೇಕು, ಕಾಸು ಅಷ್ಟಿಲ್ಲ ಅನ್ನುವವರು ಪ್ಲಿಮತ್ ಡಸ್ಟರ್ 340 ನೋಡಿ. ಹಗುರ, ಚುರುಕು, ವಿನ್‌ನ ಐದನೇ ಅಕ್ಷರ ಎಚ್ ಇದ್ದರೆ ಅಸಲಿ.

ಎಎಂಸಿ ಕಂಪನಿಯ ಎಎಂಎಕ್ಸ್, ಜ್ಯಾವೆಲಿನ್ ಕೂಡ ಅಗ್ಗ, ನೋಡಲೂ ಚೆಂದ. ಕಂಪನಿಯನ್ನು 1987ರಲ್ಲಿ ಕ್ರೈಸ್ಲರ್ ಕೊಂಡುಕೊಂಡಿತು, ಹಾಗಾಗಿ ಒಳಗಿನ ಸಣ್ಣಪುಟ್ಟ ಭಾಗಗಳಿಗೆ ಪರದಾಡಬೇಕು. ಸ್ವಂತ ಕೈಯಲ್ಲಿ ರಿಪೇರಿ ಮಾಡುವವರಿಗೆ ಸರಿ.

1980ರ ದಶಕದ್ದನ್ನೂ ನೋಡಿ ಅಂತ ನಲವತ್ತರ ಆಸುಪಾಸಿನವರಿಗೆ ಹೇಳುತ್ತೇನೆ. 1987ರ ಬ್ಯೂಕ್ ಗ್ರ್ಯಾಂಡ್ ನ್ಯಾಷನಲ್ ಕಪ್ಪು ಕಾರು, 3.8 ಲೀಟರಿನ ಟರ್ಬೊ ವಿ6. ಇಂಧನ ಇಂಜೆಕ್ಷನ್ ಇದೆ, ಎಸಿ ಇದೆ, ಚಳಿಯಲ್ಲೂ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಅದರ ಕೊನೆಯ ರೂಪ ಜಿಎನ್‌ಎಕ್ಸ್ 547 ಮಾತ್ರ ತಯಾರಾದವು, ಅವುಗಳ ಬೆಲೆ ಲಕ್ಷದ ಮೇಲೆ. ಮಾಮೂಲಿ ಗ್ರ್ಯಾಂಡ್ ನ್ಯಾಷನಲ್ ಅದರ ಸಣ್ಣ ಪಾಲಿಗೆ ಸಿಗುತ್ತದೆ.

ರೆಸ್ಟೊಮಾಡ್ ಅಂದರೆ ಹಳೆ ಬಾಡಿಯಲ್ಲಿ ಹೊಸ ಎಂಜಿನ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್, ಎಸಿ. ಕುಟುಂಬ ಸಮೇತ ದೂರ ಹೋಗುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಹಳೆಯ ಡ್ರಮ್ ಬ್ರೇಕಿನಲ್ಲಿ ಫ್ರೀವೇ ಮೇಲೆ ಮಕ್ಕಳನ್ನು ಕರೆದೊಯ್ಯಲು ನನಗಂತೂ ಧೈರ್ಯ ಸಾಲದು. ಆದರೆ ನೀವೇ ಮಾಡಿಸಲು ಹೋಗಬೇಡಿ. ಮಾಡಿಸಿದ ಖರ್ಚು ಮಾರುವಾಗ ವಾಪಸ್ ಬರುವುದು ಕಡಿಮೆ. ಬೇರೆಯವರು ಮಾಡಿಸಿ ಮುಗಿಸಿದ್ದನ್ನು ಕೊಳ್ಳಿ.

ಎಲ್ಲಿ ಕೊಳ್ಳುವುದು

ಬ್ಯಾರೆಟ್-ಜಾಕ್ಸನ್‌ನಲ್ಲಿ ಬಹುಪಾಲು ಕಾರುಗಳಿಗೆ ರಿಸರ್ವ್ ಬೆಲೆ (ಇದಕ್ಕಿಂತ ಕಡಿಮೆಗೆ ಕೊಡಲ್ಲ ಅಂತ ಮಾಲೀಕರು ಇಟ್ಟ ಮಿತಿ) ಇರುವುದಿಲ್ಲ, ಕೊನೆಯ ಕೂಗಿಗೆ ಕಾರು ಹೋಗಲೇಬೇಕು. ಮೀಕಮ್‌ನಲ್ಲಿ ಎಷ್ಟೋ ಕಾರುಗಳಿಗೆ ರಿಸರ್ವ್ ಇರುತ್ತದೆ. ಎರಡು ಕಡೆಯೂ ವೇದಿಕೆಯ ಮೇಲೆ ಕಾರು ನಿಲ್ಲುವುದು ಕೆಲವೇ ನಿಮಿಷ. ನೀವು ಓಡಿಸಿ ನೋಡುವಂತಿಲ್ಲ. ಹಾಗಾಗಿ ಹಿಂದಿನ ದಿನವೇ ಹೋಗಿ, ಆಯಸ್ಕಾಂತ, ಟಾರ್ಚ್ ಹಿಡಿದು ನೋಡಿ, ನಿಮ್ಮ ಗರಿಷ್ಠ ಬೆಲೆಯನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಅಪರೂಪದ, ಕಾಗದ ಗಟ್ಟಿ ಇರುವ ಕಾರಿಗೆ ಇದೇ ಸರಿಯಾದ ಜಾಗ.

ಬ್ರಿಂಗ್ ಎ ಟ್ರೇಲರ್‌ನಂಥ ಆನ್‌ಲೈನ್ ಹರಾಜಿನಲ್ಲಿ ಕಮಿಷನ್ ಕಡಿಮೆ, ಅದಕ್ಕೆ ಒಂದು ಮಿತಿಯೂ ಇದೆ. ನೂರಾರು ಫೋಟೊ, ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡುವ ವಿಡಿಯೊ ಹಾಕಿರುತ್ತಾರೆ. ಫೋಟೊದಲ್ಲಿ ಪುಟ್ಟಿ ಕಾಣದು. ಆ ಊರಿನ ಮೆಕ್ಯಾನಿಕ್ ಒಬ್ಬರಿಗೆ ದುಡ್ಡು ಕೊಟ್ಟು ನೋಡಿಸಿ.

25-30 ಸಾವಿರದೊಳಗಿನವರಿಗೆ ಎರಡೂ ಬೇಡ. ಮಾಲೀಕರಿಂದಲೇ ನೇರವಾಗಿ ಕೊಳ್ಳಿ. ಕಮಿಷನ್ ಇಲ್ಲ, ಓಡಿಸಿ ನೋಡಬಹುದು, ಇಪ್ಪತ್ತು ವರ್ಷದ ಬಿಲ್ಲುಗಳ ಕಟ್ಟು ಸಿಕ್ಕರೆ ಇನ್ನೂ ಒಳ್ಳೆಯದು. ಹಳೆ ಕಾರುಗಳ ಇನ್ಶೂರೆನ್ಸ್ ಕಂಪನಿ ಹ್ಯಾಗರ್ಟಿಯ ಬೆಲೆಪಟ್ಟಿಯಲ್ಲಿ ಕಾರಿನ ಸ್ಥಿತಿಗೆ 1ರಿಂದ 4ರವರೆಗೆ ದರ್ಜೆ ಇದೆ. 1 ಅಂದರೆ ಶೋ ಗೆಲ್ಲುವಂಥದ್ದು, 4 ಅಂದರೆ ಕೆಲಸ ಬಾಕಿ ಇರುವಂಥದ್ದು. ಓಡಿಸುವವರಿಗೆ 3 ಸಾಕು. ಒಂದು ಗೀರು ಬಿದ್ದರೂ ನಿದ್ದೆ ಕೆಡುವುದಿಲ್ಲ. 4ನ್ನು ಅಗ್ಗ ಅಂತ ತಂದರೆ ಅದನ್ನು 3 ಮಾಡುವ ಖರ್ಚು ಎರಡರ ನಡುವಿನ ವ್ಯತ್ಯಾಸಕ್ಕಿಂತ ಸಾಮಾನ್ಯವಾಗಿ ಜಾಸ್ತಿಯೇ ಆಗುತ್ತದೆ. ಇನ್ಶೂರೆನ್ಸ್ ಮಾಡಿಸುವಾಗ ಮೊದಲೇ ಒಪ್ಪಿದ ಬೆಲೆಯ ಪಾಲಿಸಿ ಕೇಳಿ. ಮಾಮೂಲಿ ಪಾಲಿಸಿಯಲ್ಲಿ ಅಪಘಾತವಾದರೆ ಹಳೆ ಕಾರಿನ ಸವಕಲು ಬೆಲೆ ಕೊಟ್ಟು ಕೈತೊಳೆದುಕೊಳ್ಳುತ್ತಾರೆ.

ಊರಿಗೆ ತರಬಹುದಾ ಅಂತ ಕೆಲವರು ಕೇಳುತ್ತಾರೆ. ಮುಂಚೆ 1950ಕ್ಕಿಂತ ಹಿಂದಿನ ಕಾರಿಗೆ ಮಾತ್ರ ಇದ್ದ ಅವಕಾಶವನ್ನು ಭಾರತ ಸರ್ಕಾರ 2025ರಲ್ಲಿ 50 ವರ್ಷ ದಾಟಿದ ಕಾರುಗಳಿಗೆ ವಿಸ್ತರಿಸಿತು. ಹಾಗಾಗಿ 1960ರ ದಶಕದ ಮಸ್ಟಾಂಗ್, ಜಿಟಿಓಗಳಿಗೆ ಬಾಗಿಲು ತೆರೆದಿದೆ. ಸುಂಕ ಮಾತ್ರ ಕಾರಿನ ಬೆಲೆಯನ್ನೇ ಮೀರುತ್ತದೆ. 2021ರ ನಿಯಮದ ಪ್ರಕಾರ ವಿಂಟೇಜ್ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ. ನಂಬರ್ ಪ್ಲೇಟಿನಲ್ಲಿ ವಿಎ ಅಂತ ಬರುತ್ತದೆ. ಆ ಕಾರನ್ನು ಪ್ರದರ್ಶನ, ರ್‍ಯಾಲಿ, ಪೆಟ್ರೋಲು, ರಿಪೇರಿ ಇಂಥವಕ್ಕೆ ಬಿಟ್ಟು ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ಮೈಸೂರಿನ ಮನೆಯ ಮುಂದೆ ನಿಲ್ಲಿಸಿ ಆಗಾಗ ರ್‍ಯಾಲಿಗೆ ಒಯ್ಯುವುದಾದರೆ ತರಬಹುದು. ವಾರವಾರ ಓಡಿಸುವ ಆಸೆ ಇದ್ದರೆ ಕಾರು ಅಮೆರಿಕದ ಗ್ಯಾರೇಜಿನಲ್ಲೇ ಇರಲಿ.